ಬಲಸುತ್ತು

ಸ್ಟ್ರಾಮ್‌ನೆಸ್, ಆರ್ಕ್ನಿ ದ್ವೀಪ
ಫೆಬ್ರವರಿ ೯

ಓಸ್ಲಾ,

ಫೋನಿನಲ್ಲಿ ಮಾತಾಡಬೇಡ ಎಂದು ನಿನಗೆ ಲಾಯರು ಹೇಳಿದ್ದಾನಂತೆ. ನಿಮ್ಮ ಕಂಪನಿಯವರು ಮೇಲ್ ಓದುತ್ತಾರಂತೆ. ನಿನ್ನ ಅಪ್ಪ ಹೇಳಿದರು. ಸರಿ, ಕಾಗದ ಬರೆಯುತ್ತಿದ್ದೇನೆ. ಕಾಗದವನ್ನು ಓದಬೇಕಾದರೆ ಅವರು ಹರಿದೇ ಓದಬೇಕು.

ಸ್ವೇನ್‌ನನ್ನು ಗುರುವಾರ ಮಣ್ಣು ಮಾಡಿದೆವು. ನೀನು ಬರಲಿಲ್ಲ, ಹೂ ಬಂತು. ಹೂವಿನ ಚೀಟಿಯಲ್ಲಿ ನಿನ್ನ ಹೆಸರಿನ ಕೆಳಗೆ ಕಂಪನಿಯ ಹೆಸರೂ ಇತ್ತು. ಹಿತ್ತಲಿನ ಕುರಿಗೆ ಹಾಕಿದೆ. ತಿಂದಿತು.

ಹತ್ತಿರದವರೇ ಹಿಡಿದು ಪೆಟ್ಟಿಗೆ ಕುಣಿಗೆ ಇಳಿಸುವ ಹಗ್ಗಗಳಲ್ಲಿ ತಲೆಯ ಕಡೆಯದು ಅವನ ಅಣ್ಣನಿಗೆ ಹೋಯಿತು. ಕಾಲಿನ ಕಡೆಯದನ್ನು ನಿನ್ನ ಅಪ್ಪನಿಗೆ ಕೊಟ್ಟೆ. ಊರು ನೋಡಲಿ ಎಂದೇ ಕೊಟ್ಟೆ. ಅವತ್ತು ದೋಣಿಯ ಚುಕ್ಕಾಣಿ ಹಿಡಿದಿದ್ದವರು ಅವರೇ, ಎಡ್ವಿನ್ ಮಾಮ, ಅವರ ಬೆನ್ನ ಹಿಂದೆ ನನ್ನ ಗಂಡ ಸತ್ತ. ನಾಳೆ ಯಾರೂ ಅವರತ್ತ ಬೆರಳು ಮಾಡಬಾರದು. ಹಗ್ಗವನ್ನು ಕೊನೆಯವರೆಗೂ ಸಮವಾಗಿ ಬಿಟ್ಟರು. ಆಮೇಲೆ ನನ್ನ ಅಡುಗೆಮನೆಯಲ್ಲಿ ಟೀ ಲೋಟವನ್ನು ಹಾಗೇ ಬಿಟ್ಟು ಹೋದರು.

ನಿಮ್ಮ ಕಂಪನಿಯವನೊಬ್ಬ ಹೊಸ ಬೂಟು ಹಾಕಿಕೊಂಡು ಬಂದಿದ್ದ. "ಬಹಳ ದುಃಖದ ಸಂಗತಿ, ಮೇಡಂ. ಅವರ ಹೆಸರು... ಏನಂದ್ರಿ?" ಎಂದ.

"ಕೆಲಸ ಹೇಳೋವಾಗ ಏನಂತ ಕರೀತಿದ್ರಿ?" ಎಂದೆ.

"ನಾವು ದೋಣಿಯವರು ಅಂತಾ..."

"ಹಾಗೇ ಬರ್ಕೊಳ್ಳಿ. ದೋಣಿಯವನು ಸತ್ತ ಅಂತ."

ನೀನು ಮಾಡಿದ ಆ ಕೊಳವೆಗೆ ನಿಮ್ಮ ಆಫೀಸಿನಲ್ಲಿ ಏನೋ ಚಂದದ ಹೆಸರಿದೆ. ಇಲ್ಲಿ ಅದು 'ಕರುಳು'. ನೀರು ತುಂಬಿದ ಉದ್ದನೆಯ ಕಪ್ಪು ರಬ್ಬರ್ ಕರುಳು. ಅಲೆ ಬಂದಾಗ ಏನನ್ನೋ ನುಂಗಿದ ಹಾಗೆ ಉಬ್ಬುತ್ತದೆ. ಆ ಉಬ್ಬು ಬಾಲದವರೆಗೆ ಓಡಿ ಅಲ್ಲಿನ ಚಕ್ರ ತಿರುಗಿಸುತ್ತದೆ. ಕರೆಂಟು ದಕ್ಷಿಣಕ್ಕೆ ಹೋಗುತ್ತದೆ. ನಮ್ಮ ಮನೆಯಲ್ಲಿ ಹೀಟರು ಹಾಕಲು ಬಿಲ್ಲಿನ ಹೆದರಿಕೆ. ಇರಲಿ. ಆ ಕರುಳು ಎಂದೂ ಹರಿದು ಹೋಗುವುದಿಲ್ಲ ಎಂದಿದ್ದೆ ನೀನು. ನನ್ನ ಮನೆಯ ಮೇಜಿಗೆ ಗುದ್ದಿ ಹೇಳಿದ್ದೆ.

ಯಾಕೆ ಹರಿಯಿತು? ಇಷ್ಟೇ ಕೇಳುವುದು.

ಮೆರನ್ ಫ್ಲೆಟ್

*

ಲೀತ್, ಎಡಿನ್‌ಬರೊ
ಮಾರ್ಚ್ ೩

ಮೆರನ್,

ಪೂರ್ತಿ ಹೆಸರು ಬರೆದಿದ್ದೀಯ. ಒಂದೇ ಬೆಂಚಿನಲ್ಲಿ ಕೂತು ಒಂದೇ ರೊಟ್ಟಿ ಮುರಿದುಕೊಂಡವಳಿಗೆ.

ಬರಬೇಕಿತ್ತು. ಹಡಗಿನ ಟಿಕೆಟ್ಟು ಕೈಯಲ್ಲಿತ್ತು. ಹೋಗಬೇಡ ಎಂದರು, ಹೋಗಲಿಲ್ಲ. ಅದಕ್ಕಿಂತ ಹೆಚ್ಚು ಹೇಳಿದರೆ ನೆಪವಾಗುತ್ತದೆ.

ಅಲೆಯಿಂದ ಕರೆಂಟು ತೆಗೆಯಲು ಮೊದಲು ತಂದ ಕಬ್ಬಿಣದ ಯಂತ್ರಗಳನ್ನೆಲ್ಲ ಕಡಲು ಮುರಿದು ಹಾಕಿತಲ್ಲ, ಅದಕ್ಕೇ ನಾನು ರಬ್ಬರಿನ ಹಿಂದೆ ಹೋದದ್ದು. ಕಬ್ಬಿಣ ಕಡಲಿನ ಜೊತೆ ಜಗಳಕ್ಕೆ ನಿಲ್ಲುತ್ತದೆ. ರಬ್ಬರು ಬಗ್ಗುತ್ತದೆ, ಉಬ್ಬುತ್ತದೆ, ಮತ್ತೆ ಮೊದಲಿನಂತಾಗುತ್ತದೆ. ಆದರೆ ಬಗ್ಗಿ ಬಗ್ಗಿ ಅದಕ್ಕೂ ಸುಸ್ತಾಗುತ್ತದೆ. ನಮ್ಮ ಕೆಲಸದಲ್ಲಿ ಹಾಗೇ ಹೇಳುವುದು, ಸುಸ್ತು ಎಂದು. ಒಳಗೆ ಕೂದಲೆಳೆಯಷ್ಟು ಬಿರುಕು ಹುಟ್ಟುತ್ತದೆ, ಹೊರಗೆ ಕಾಣುವುದಿಲ್ಲ. ಆ ಬಿರುಕು ಎಷ್ಟು ದಿನಕ್ಕೆ ಬೆಳೆಯುತ್ತದೆ ಎಂದು ಲೆಕ್ಕ ಹಾಕಿಯೇ ನಾನು ನಿನ್ನ ಮೇಜಿಗೆ ಗುದ್ದಿದ್ದು. ಆ ಲೆಕ್ಕಕ್ಕಿಂತ ಬಹಳ ಮೊದಲೇ ಹರಿದಿದೆ. ಅದೂ ಮೈಯಲ್ಲಲ್ಲ, ಲಂಗರಿನ ಹಗ್ಗ ಸೇರುವ ಕತ್ತಿನಲ್ಲಿ.

ಹರಿದ ಕತ್ತು ಈಗ ನನ್ನ ಮುಂದೆ ಇದೆ. ನೋಡಲು ಆಗುತ್ತಿಲ್ಲ. ನೋಡುವುದೇ ನನ್ನ ಕೆಲಸ.

ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡ. ಬಾಲ ತೊಳೆಯಲು ಹೋದಾಗಲೆಲ್ಲ ಅಪ್ಪ ದೋಣಿಯನ್ನು ಬಲಕ್ಕೇ ತಿರುಗಿಸುತ್ತಿದ್ದರಾ? ಬಾಲ ದೋಣಿಗೆ ಕಟ್ಟಿದ್ದಾಗಲೂ?

ಓಸ್ಲಾ

*

ಸ್ಟ್ರಾಮ್‌ನೆಸ್
ಮಾರ್ಚ್ ೧೧

ಓಸ್ಲಾ,

ಇದೆಂಥ ಪ್ರಶ್ನೆ ಮಾರಾಯ್ತಿ? ದಕ್ಷಿಣದ ನೀರು ಕುಡಿದು ಊರು ಮರೆತೆಯಾ? ಇಲ್ಲಿ ಎಡಕ್ಕೆ ತಿರುಗಿಸಿದವರು ಯಾರಿದ್ದಾರೆ? ಸೂರ್ಯ ಹೋದ ಕಡೆಗೆ ದೋಣಿ ಹೋಗಬೇಕು. ದಡ ಬಿಡುವಾಗಲೂ ಬಲಸುತ್ತು, ಬಲೆ ಬಿಡುವಾಗಲೂ ಬಲಸುತ್ತು. ಎಡಕ್ಕೆ ಕಾಲು ಸುತ್ತು ಸಾಕಿದ್ದರೂ ಬಲಕ್ಕೆ ಮುಕ್ಕಾಲು ಸುತ್ತು ಹೋಗಿಯೇ ಸೇರುವುದು. ನಿನ್ನ ಅಪ್ಪನಿಗೆ ಅದು ನಂಬಿಕೆಯೂ ಅಲ್ಲ. ಉಸಿರು ಎಳೆದುಕೊಳ್ಳುವುದನ್ನು ಯಾರಾದರೂ ನಂಬುತ್ತಾರಾ?

ಕೇಳಿದೆಯಲ್ಲ, ಕೇಳಿಸಿಕೋ. ಕರುಳಿನ ಬಾಲ ಎತ್ತಿ, ಚಕ್ರಕ್ಕೆ ಹಿಡಿದ ಚಿಪ್ಪು ಕೆರೆದು, ಬಾಲವನ್ನು ದೋಣಿಯ ಹಿಂದೆ ಕಟ್ಟಿಕೊಂಡೇ ಬಲಕ್ಕೆ ಸುತ್ತಿ, ಅಲೆಗೆ ನೇರ ಮಾಡಿ ಬಿಡುವುದು. ಪ್ರತಿ ಸಲವೂ ಹಾಗೇ. ಆ ದಿನವೂ ಹಾಗೇ. ಕಡಲು ಹಾಲಿನಂತೆ ಇತ್ತಂತೆ. ಸ್ವೇನ್ ಹಿಂದೆ ನಿಂತು ಹಗ್ಗ ಬಿಚ್ಚುತ್ತಿದ್ದ. "ಮಾಮ, ಇವತ್ತು ಮೆರನ್ ಏಡಿ ಸಾರು ಮಾಡ್ತೀನಿ ಅಂದಿದಾಳೆ, ಬಂದುಬಿಡಿ" ಎಂದನಂತೆ. ನಿನ್ನ ಅಪ್ಪ "ಅವಳ ಸಾರಿಗಿಂತ ಕಡಲ ನೀರೇ ವಾಸಿ ಕಣೋ" ಎಂದರಂತೆ. ಆಗ ದೂರದಲ್ಲಿ ಏನೋ ಪಟ್ ಎಂದಿತು. ಕರುಳು ಜೀವ ಬಂದ ಹಾಗೆ ಹೊರಳಿತು. ಹಗ್ಗ ಬಿಗಿದು ಎದೆಗೆ ಹೊಡೆಯಿತು. ಅವನು ಅದೇ ನಗುವಿನಲ್ಲೇ ಇದ್ದ ಎಂದರು.

ಈಗ ನೀನು ಹೇಳು. ಯಾಕೆ ಕೇಳಿದೆ?

ಮೆರನ್

*

ಸ್ಟ್ರಾಮ್‌ನೆಸ್
ಮೇ ೨೦

ಓಸ್ಲಾ ಲಿಂಕ್‌ಲೇಟರ್,

ನಿನ್ನ ಉತ್ತರ ಬರಲಿಲ್ಲ. ನಿಮ್ಮ ವರದಿ ಬಂತು.

"ಸ್ಥಳೀಯ ಸಿಬ್ಬಂದಿಯ ಮೂಢನಂಬಿಕೆಯ ಆಚರಣೆಯಿಂದ ಉಂಟಾದ ತಿರುಚು." ಈ ಸಾಲನ್ನು ನಾನು ಎಷ್ಟು ಸಲ ಓದಿದ್ದೇನೆಂದರೆ, ಫ್ಯಾಕ್ಟರಿಯಲ್ಲಿ ಏಡಿಗಳ ಕಾಲು ಮುರಿಯುವಾಗಲೂ ಅದೇ ತಾಳಕ್ಕೆ ಮುರಿಯುತ್ತೇನೆ. ಕೆಳಗೆ ನಿನ್ನ ಸಹಿ.

ಮೂಢನಂಬಿಕೆ! ಎರಡು ವರ್ಷದ ಹಿಂದೆ ನಿಮ್ಮವರು ಬಣ್ಣದ ಪುಸ್ತಕ ಅಚ್ಚು ಹಾಕಿಸಿದರಲ್ಲ, ಹಣ ಹಾಕುವ ದೊಡ್ಡವರಿಗೆ ತೋರಿಸಲಿಕ್ಕೆ, ಅದು ನನ್ನ ಕಪಾಟಿನಲ್ಲೇ ಇದೆ. ಅದರ ನಡುಪುಟದಲ್ಲಿ ನಿನ್ನ ಅಪ್ಪನ ದೋಣಿಯ ಫೋಟೋ, ಬಾಲ ಕಟ್ಟಿಕೊಂಡು ಸೂರ್ಯನ ಕಡೆ ತಿರುಗುತ್ತಿರುವುದು. ಹಿಂದೆ ನಿಂತವನು ಸ್ವೇನ್. ಕೆಳಗೆ ಬರೆದದ್ದು: "ದ್ವೀಪದ ಪ್ರಾಚೀನ ಜ್ಞಾನ, ನಾಳೆಯ ಶಕ್ತಿ." ಹಣ ಬೇಕಿದ್ದಾಗ ಜ್ಞಾನ, ಹೆಣ ಬಿದ್ದಾಗ ಮೂಢನಂಬಿಕೆ. ಬಂದವರೆಲ್ಲ ಇದನ್ನೇ ಮಾಡಿದ್ದಾರೆ. ಬೂದಿ ಮಾರಲು ಈ ಕಡಲ ತೀರದ ಪಾಚಿ ಸುಡಿಸಿದವರು, ತಿಮಿಂಗಿಲ ಹಿಡಿಯಲು ನಮ್ಮ ಅಜ್ಜಂದಿರನ್ನು ಹಡಗಿಗೆ ತುಂಬಿದವರು, ಎಲ್ಲರೂ ನಮ್ಮ ಕೈ ಗಟ್ಟಿ ಎಂದು ಹೊಗಳಿದರು. ಕೈ ಮುರಿದಾಗ ತಲೆ ಸರಿಯಿಲ್ಲ ಎಂದರು.

ವರದಿಯನ್ನು ನಿನ್ನ ಅಪ್ಪ ನನ್ನ ಮೇಜಿನ ಮೇಲೆ ಇಟ್ಟುಕೊಂಡು ಓದಿದರು. ಕನ್ನಡಕ ಒರೆಸಿ ಮತ್ತೊಮ್ಮೆ ಓದಿದರು.

"ಓಸ್ಲಾ ಬರೆದದ್ದಾ ಇದು?"

"ಅವಳ ಸಹಿ ಇದೆ, ಮಾಮ."

"ಹಾಗಿದ್ರೆ ನಿಜ ಇರ್ಬೇಕು ಕೂಸೇ. ಅವಳು ಸುಳ್ಳು ಬರೆಯೋಳಲ್ಲ."

ಕೇಳಿದೆಯಾ? ನಿನ್ನ ಮೇಲಿನ ನಂಬಿಕೆಯಿಂದಲೇ ಆ ಮುದುಕ ತಾನು ಕೊಲೆಗಾರ ಎಂದು ಒಪ್ಪಿಕೊಂಡ. ಟೋಪಿ ಹಾಕಿಕೊಳ್ಳುವುದನ್ನೂ ಮರೆತು ಎದ್ದು ಹೋದರು. ಟೋಪಿ ಇನ್ನೂ ನನ್ನ ಕುರ್ಚಿಯ ಮೇಲಿದೆ.

ಮೆರನ್ ಫ್ಲೆಟ್, ದೋಣಿಯವನ ಹೆಂಡತಿ

*

ಲೀತ್
ಜೂನ್ ೨

ಮೆರನ್,

ಬೈದದ್ದು ಸಾಲದು. ಇನ್ನೂ ಇದೆ, ಕೇಳು.

ಅಪ್ಪ ಹೇಳಿದ್ದು ಸರಿ. ವರದಿಯಲ್ಲಿ ಸುಳ್ಳಿನ ಸಾಲು ಒಂದೂ ಇಲ್ಲ. ಅದೇ ರಬ್ಬರಿನಲ್ಲಿ ಚಿಕ್ಕ ಕತ್ತುಗಳನ್ನು ಮಾಡಿ ಯಂತ್ರಕ್ಕೆ ಹಾಕಿದೆ. ಬರೀ ಬಗ್ಗಿಸಿದವು ಈಗಲೂ ಗಟ್ಟಿಯಾಗಿವೆ. ತಿರುಚಿ ಬಗ್ಗಿಸಿದವು ಹರಿದವು, ಬಟ್ಟೆ ಹಿಂಡುವಾಗ ದಾರ ಬಿಡುವ ಹಾಗೆ ಓರೆಯಾಗಿ. ಸ್ವೇನ್ ಸತ್ತ ದಿನ ಹರಿದ ಕತ್ತಿನಲ್ಲೂ ಅದೇ ಓರೆ. ಬಾಲ ಹಿಡಿದು ಒಂದೇ ಕಡೆಗೆ ಸುತ್ತಿದ ಪ್ರತಿ ಸಲವೂ ಕತ್ತಿಗೆ ಒಂದೊಂದು ತಿರುಚು ಬಿದ್ದಿದೆ, ಬಿಚ್ಚುವ ಸುತ್ತು ಎಂದೂ ಬಿದ್ದಿಲ್ಲ. ನಾನು ಅಪ್ಪನ ಮಗಳು. ಇಲ್ಲ ಎಂದು ಬರೆಯಲು ನನಗೆ ಕೈ ಬರಲಿಲ್ಲ.

ಆದರೆ ವರದಿಗೆ ಇನ್ನೊಂದು ಹಾಳೆ ಇತ್ತು.

ನಾನು ಬರೆದ ಮೊದಲ ನಕ್ಷೆಯಲ್ಲಿ ಕತ್ತಿಗೂ ಲಂಗರಿನ ಹಗ್ಗಕ್ಕೂ ನಡುವೆ ಒಂದು ತಿರುಗುಕೊಂಡಿ ಇತ್ತು. ಅದಿದ್ದರೆ ಅಪ್ಪ ದಿನವಿಡೀ ಸುತ್ತಿದರೂ ಕೊಂಡಿ ತಿರುಗುತ್ತದೆ, ಕತ್ತು ತಿರುಚುವುದಿಲ್ಲ. ತುಕ್ಕು ಹಿಡಿಯುತ್ತದೆ, ಆಗಾಗ ಎತ್ತಿ ನೋಡಬೇಕಾಗುತ್ತದೆ ಎಂದು ಮೀಟಿಂಗಿನಲ್ಲಿ ತೆಗೆಸಿದರು. "ರಬ್ಬರು ಬಗ್ಗುತ್ತದೆ ಅಂತ ನೀವೇ ಹೇಳ್ತೀರಲ್ಲ ಓಸ್ಲಾ, ಬಗ್ಗಲಿ ಬಿಡಿ" ಎಂದರು. ಎಲ್ಲರೂ ನಕ್ಕರು.

ವರದಿಯಲ್ಲಿ ಇದನ್ನು ಬರೆದಿದ್ದೆ. ಆ ಹಾಳೆ ತೆಗೆದು ಉಳಿದದ್ದನ್ನು ಸಹಿಗೆ ತಂದರು. "ಇದರಲ್ಲಿ ಸುಳ್ಳಿದೆಯಾ?" ಎಂದು ಕೇಳಿದರು. ಇಲ್ಲ ಎಂದೆ. ಪೆನ್ನು ಕೊಟ್ಟರು.

ರಬ್ಬರಿನ ಜೊತೆ ಇದ್ದು ಇದ್ದು ನನಗೂ ಬಗ್ಗುವುದು ರೂಢಿಯಾಗಿದೆ.

ಓಸ್ಲಾ

*

ಸ್ಟ್ರಾಮ್‌ನೆಸ್
ಜೂನ್ ೧೦

ಓಸ್ಲಾ,

ಮೇಯಲು ಬಿಟ್ಟ ಕರುವಿನ ಸರಪಣಿಗೂ ತಿರುಗುಕೊಂಡಿ ಇರುತ್ತದೆ. ಕರು ಗೂಟದ ಸುತ್ತ ತಿರುಗಿ ಕತ್ತು ಹಿಸುಕಿಕೊಳ್ಳದಿರಲಿ ಎಂದು. ನನ್ನ ಗಂಡನಿಗೆ ಕರುವಿಗಿದ್ದಷ್ಟೂ ಇರಲಿಲ್ಲ.

ಅಳಬೇಡ. ಬಗ್ಗುವುದು, ಸುಸ್ತು, ಇಂಥ ಚಂದದ ಮಾತುಗಳನ್ನು ನನಗೆ ಬರೆಯಬೇಡ. ಸೆಪ್ಟೆಂಬರಿನಲ್ಲಿ ಕರ್ಕ್‌ವಾಲ್ ಕೋರ್ಟಿನಲ್ಲಿ ಸಾವಿನ ವಿಚಾರಣೆ. ಬಂದು ನಿಂತು ಹೇಳು. ಕಾಗದದಲ್ಲಿ ನನ್ನೊಬ್ಬಳಿಗೆ ಹೇಳಿ ಹಗುರ ಮಾಡಿಕೊಳ್ಳುವುದು ಬೇಡ. ನಿನ್ನ ಕೆಲಸ ಹೋಗುತ್ತದೆ, ಗೊತ್ತು. ನನ್ನದು ಏನು ಹೋಗಿದೆ ಅಂತ ನಿನಗೂ ಗೊತ್ತು.

ನೀನು ಬಾರದಿದ್ದರೆ ಸ್ವೇನ್ ಈ ಊರಿನಲ್ಲಿ ಮೂಢನಾಗಿಯೇ ಉಳಿಯುತ್ತಾನೆ, ನಿನ್ನ ಅಪ್ಪ ಕೊಂದವರಾಗಿ ಸಾಯುತ್ತಾರೆ. ಅಷ್ಟೇ.

ಮೆರನ್

*

ಲೀತ್
ಸೆಪ್ಟೆಂಬರ್ ೪

ಬರುತ್ತೇನೆ. ಅಪ್ಪನಿಗೆ ಹೇಳಬೇಡ.

ಓ.

*

ಸ್ಟ್ರಾಮ್‌ನೆಸ್
ಅಕ್ಟೋಬರ್ ೧

ಓಸ್ಲಾ,

ನೀನು ಕೋರ್ಟಿನಿಂದ ನೇರವಾಗಿ ಹಡಗು ಹತ್ತಿದೆ. ನಾನು ಮೆಟ್ಟಿಲಲ್ಲಿ ಕಾಯುತ್ತಿದ್ದೆ, ಹಿಂಬಾಗಿಲಿನಿಂದ ಹೋದೆಯಂತೆ. ನಿನಗಾಗಿ ಬಾರ್ಲಿ ರೊಟ್ಟಿ ಬಟ್ಟೆಯಲ್ಲಿ ಸುತ್ತಿ ತಂದಿದ್ದೆ. ವಾಪಸು ತಂದು ನಾನೇ ತಿಂದೆ. ತಣ್ಣಗಾಗಿತ್ತು.

ನೀನು ಎಲ್ಲವನ್ನೂ ಹೇಳಿದೆ. ಕೊಂಡಿ ಇತ್ತು, ತೆಗೆಸಿದರು, ಹಾಳೆ ಇತ್ತು, ತೆಗೆದರು. ಅವರ ಲಾಯರು ಎದ್ದು ನಿನ್ನನ್ನು ಕೇಳಿದ: "ದೋಣಿ ಹಾಗೆ ತಿರುಗದೇ ಇದ್ದಿದ್ದರೆ?" ಸುಮ್ಮನಿರಬಹುದಿತ್ತು ನೀನು. ಗೊತ್ತಿಲ್ಲ ಎನ್ನಬಹುದಿತ್ತು. "ದೋಣಿ ತಿರುಗಿಸದಿದ್ದರೆ ಉಬ್ಬರದ ಸುಳಿ ತಿರುಗಿಸುತ್ತಿತ್ತು. ಹೇಗೂ ಹರಿಯುತ್ತಿತ್ತು. ಇನ್ನೊಂದು ಚಳಿಗಾಲ ತಡೆಯುತ್ತಿತ್ತು, ಅಷ್ಟೇ" ಎಂದೆ.

ನಾನು ಅದರಲ್ಲಿ "ಹೇಗೂ ಹರಿಯುತ್ತಿತ್ತು" ಎಂಬುದನ್ನು ಕೇಳಿದೆ. ಪಕ್ಕದಲ್ಲಿ ಕೂತ ನಿನ್ನ ಅಪ್ಪ ಬೇರೆಯದನ್ನು ಕೇಳಿದರು. ಬಸ್ಸು ಇಳಿಯುವಾಗ ಅಂದರು: "ಇನ್ನೊಂದು ಚಳಿಗಾಲ ಬದುಕ್ತಿದ್ದ ಕೂಸೇ. ಒಂದು ಪೂರ್ತಿ ಚಳಿಗಾಲ."

"ಮಾಮ, ಕೊಂಡಿ ತೆಗೆದದ್ದು ಅವ್ರು."

"ತೆಗೆದದ್ದು ಅವ್ರು. ತಿರುಗಿಸಿದ್ದು ನಾನು."

ಮಾರನೆಯ ದಿನ ಅವರು ದೋಣಿ ಬಿಚ್ಚಿದರು. ಫ್ಯಾಕ್ಟರಿಗೆ ಹೋಗುವ ಹೆಂಗಸರೆಲ್ಲ ದಡದಲ್ಲಿದ್ದೆವು, ಬಲೆ ಹೊಲಿಯುತ್ತಿದ್ದ ಗಂಡಸರೂ ಇದ್ದರು. ಬಂದರಿನ ನಡುವೆ ಹೋಗಿ, ನಮ್ಮೆಲ್ಲರ ಕಣ್ಣೆದುರು, ನಿನ್ನ ಅಪ್ಪ ದೋಣಿಯನ್ನು ಎಡಕ್ಕೆ ತಿರುಗಿಸಿದರು. ನಿಧಾನವಾಗಿ, ಪೂರ್ತಿ ಒಂದು ಎಡಸುತ್ತು. ಹೆಣ ಹೊತ್ತವರೂ ಹಾಗೆ ತಿರುಗುವುದಿಲ್ಲ ಇಲ್ಲಿ. ಯಾರೋ ಟೋಪಿ ತೆಗೆದರು. ಮತ್ತೆ ದಡಕ್ಕೆ ತಂದು ಕಟ್ಟಿದರು. ಅಂದಿನಿಂದ ದೋಣಿ ಕಟ್ಟಿದಲ್ಲೇ ಇದೆ. ಅವರೂ.

ನಿನ್ನ ಮೇಲೆ ಸಿಟ್ಟಿಲ್ಲ. ಸಿಟ್ಟು ಬೇಕಾದ ಜಾಗಕ್ಕೆ ಇಟ್ಟುಕೊಂಡಿದ್ದೇನೆ. ಆದರೆ ಅಪ್ಪನನ್ನು ಒಂದು ಸಲ ನೋಡಿ ಹೋಗಬೇಕಿತ್ತು ಕಣೇ.

ಮೆರನ್

*

ಲೀತ್
ಡಿಸೆಂಬರ್ ೧೨

ಮೆರನ್,

ಕೆಲಸ ಹೋಯಿತು. ನನ್ನನ್ನು ತೆಗೆದ ಮೇಲೆ ಅವರೂ ಬೋರ್ಡು ಇಳಿಸಿದರು. ಅದೇ ಜನ, ಅದೇ ಕಟ್ಟಡ, ಹೊಸ ಹೆಸರು. ನಾನೀಗ ಟಯರ್ ಅಂಗಡಿಯಲ್ಲಿದ್ದೇನೆ. ರಬ್ಬರು ಬಿಟ್ಟಿಲ್ಲ ನೋಡು. ಸವೆದದ್ದನ್ನು ಬೆರಳಲ್ಲಿ ಮುಟ್ಟಿ "ಇದು ಆಯ್ತು, ಬದಲಿಸಿ" ಎಂದರೆ ಇಲ್ಲಿ ಜನ ಒಪ್ಪುತ್ತಾರೆ.

ನ್ಯಾಯಾಧೀಶರ ತೀರ್ಮಾನ ಓದಿದೆ. ತಿರುಗುಕೊಂಡಿ ಹಾಕಬೇಕು, ದೋಣಿಯವರು ಸುತ್ತು ಹಾಕುವುದನ್ನೂ ನಿಲ್ಲಿಸಬೇಕು, ಎರಡೂ ಶಿಫಾರಸು. ಶಿಫಾರಸು ಎಂದರೆ ಹೇಳಿದ ಮಾತು. ಕಟ್ಟಿಹಾಕುವ ಮಾತಲ್ಲ.

ಹಿಂಬಾಗಿಲಿನಿಂದ ಹೋದದ್ದು ನಿನಗೆ ಹೆದರಿ ಅಲ್ಲ. ಅಪ್ಪ ಎದ್ದು ನಿಂತಿದ್ದರು. ನನ್ನ ಕಡೆ ಬರಲು ಕಾಲು ಎತ್ತಿದ್ದರು. ಏನಾದರೂ ಅಂದುಬಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ. ಏನೂ ಅನ್ನದೆ ತಬ್ಬಿಕೊಂಡಿದ್ದರೆ?

ಅವರು ಊಟ ಮಾಡುತ್ತಾರಾ?

ಓಸ್ಲಾ

*

ಸ್ಟ್ರಾಮ್‌ನೆಸ್
ಮೇ ೧೬

ಓಸ್ಲಾ,

ಚಳಿಗಾಲವಿಡೀ ಬರೆಯಲಿಲ್ಲ. ಬರೆಯುವಂಥದ್ದು ಏನೂ ಇರಲಿಲ್ಲ. ನಿನ್ನ ಅಪ್ಪ ನನ್ನ ಮನೆಯಲ್ಲೇ ಉಣ್ಣುತ್ತಾರೆ. ಸಾರು ಚೆನ್ನಾಗಿಲ್ಲ ಎನ್ನುವುದಿಲ್ಲ ಈಗ. ಅದೇ ಸಂಕಟ.

ಹೊಸ ಕರುಳು ಬಂತು. ಹೊಸ ಹೆಸರಿನ ಕಂಪನಿ. ಹಳೆಯದಕ್ಕಿಂತ ಉದ್ದ. ಬಂದರಿನಲ್ಲಿ ತೇಲುತ್ತಿದ್ದಾಗಲೇ ನಾನು ಹೋಗಿ ಕತ್ತು ನೋಡಿದೆ. ಕೊಂಡಿ ಇಲ್ಲ ಓಸ್ಲಾ. ಅದರ ಬದಲು ಬಾಲ ತೊಳೆಯುವ ದೋಣಿಯ ಚುಕ್ಕಾಣಿ ಕೋಣೆಯ ಗಾಜಿಗೆ ಒಂದು ಕಾಗದ ಅಂಟಿಸಿದ್ದಾರೆ: "ಸುತ್ತು ಹಾಕುವುದನ್ನು ಕಟ್ಟುನಿಟ್ಟಾಗಿ ನಿಷೇಧಿಸಿದೆ." ನ್ಯಾಯಾಧೀಶರು ಎರಡು ಹೇಳಿದ್ದರು, ಇವರು ತಮಗೆ ಬೇಡದ ಕಬ್ಬಿಣ ಬಿಟ್ಟು ಕಾಗದವನ್ನು ಆರಿಸಿಕೊಂಡರು. ಕಡಲಿಗೆ ಓದಲು ಬರುತ್ತದೆಯೇ? ಸುಳಿಗೆ ಯಾರು ನಿಷೇಧ ಹಾಕುತ್ತಾರೆ?

ಮನೆಗೆ ಬಂದು ಎಡ್ವಿನ್ ಮಾಮನಿಗೆ ಹೇಳಿದೆ. ಅವರು ಎದ್ದು ಕುರ್ಚಿಯ ಮೇಲಿದ್ದ ಟೋಪಿ ತೆಗೆದುಕೊಂಡು ತಲೆಗೆ ಹಾಕಿದರು. ವರ್ಷದಿಂದ ಅಲ್ಲೇ ಇತ್ತು ಅದು, ನಾನು ಎತ್ತಿಟ್ಟಿರಲಿಲ್ಲ.

ಕರುಳನ್ನು ಕಡಲಿಗೆ ಎಳೆದೊಯ್ಯುವ ದಿನ ಮಾಮನ ದೋಣಿ ಹೋಗಿ ಅದರ ಸುತ್ತ ತಿರುಗತೊಡಗಿತು. ಬಲಸುತ್ತು. ಹಗ್ಗ ಹಾಕಲು ಯಾರಿಗೂ ದಾರಿ ಬಿಡದೆ, ಸುಮ್ಮನೆ ಸುತ್ತು, ಮತ್ತೆ ಸುತ್ತು. ನಾನು ದೋಣಿಯ ಹಿಂದೆ ನಿಂತಿದ್ದೆ, ಸ್ವೇನ್ ನಿಲ್ಲುತ್ತಿದ್ದಲ್ಲಿ. ಹೊಸ ಬೂಟಿನವನು ದಡದಿಂದ ಮೈಕಿನಲ್ಲಿ ಕೂಗಿದ: "ಎಡ್ವಿನ್, ನಿಮ್ಮ ಮೂಢನಂಬಿಕೆಯಿಂದ ಒಂದು ಜೀವ ಹೋಗಿದೆ, ಸಾಕು!"

ನಿನ್ನ ಅಪ್ಪ ಕಿಟಕಿಯಿಂದ ತಲೆ ಹಾಕಿ ಹೇಳಿದರು: "ಹೌದಪ್ಪಾ. ನೀನು ಕೊಂಡಿ ಹಾಕು, ನಾನು ನಂಬಿಕೆ ಬಿಡ್ತೀನಿ."

ದಡದಲ್ಲಿ ಒಬ್ಬರೋ ಇಬ್ಬರೋ ನಕ್ಕರು. ಊರಿನ ದೋಣಿಗಳೆಲ್ಲ ಬರುತ್ತವೆ ಎಂದುಕೊಂಡಿದ್ದೆ. ನಮ್ಮದೂ ಸೇರಿ ಮೂರೇ ಆದವು. ಉಳಿದವರಿಗೆ ಕಂಪನಿಯ ಕೆಲಸ ಬೇಕು. ಬೈಯಲಾರೆ. ಸ್ವೇನ್‌ಗೂ ಬೇಕಿತ್ತು.

ಕತ್ತಲಾಗುವವರೆಗೂ ತಡೆದೆವು. ಎಣ್ಣೆ ಮುಗಿಯಿತು. ಬೆಳಿಗ್ಗೆ ಮಂಜು ಇಳಿದಿತ್ತು, ಮಂಜಿನಲ್ಲೇ ಅದನ್ನು ಎಳೆದುಕೊಂಡು ಹೋಗಿದ್ದರು. ನೀರಿನ ಮೇಲೆ ರಬ್ಬರಿನ ವಾಸನೆ ಮಾತ್ರ ಇತ್ತು. ನಿನ್ನ ಅಪ್ಪ ದಡದ ಕಲ್ಲಿನ ಮೇಲೆ ಕೂತು "ಓಸ್ಲಾಗೆ ಬರೆ. ಅವಳು ಹೇಳಿದ್ದನ್ನ ಕೇಳಿಸ್ಕೊಂಡೆ ಅಂತ ಬರೆ. ಪೂರ್ತಿ ಕೇಳಿಸ್ಕೊಂಡೆ ಅಂತ" ಎಂದರು. ಬರೆದಿದ್ದೇನೆ.

ಇನ್ನೊಂದು ಚಳಿಗಾಲ, ಎಂದಿದ್ದೆ ನೀನು. ಈ ಹೊಸ ಕರುಳಿಗೂ ಈಗ ಚಳಿಗಾಲ ಎಣಿಸಬೇಕು.

ಬಾಲ ತೊಳೆಯುವ ಹೊಸ ದೋಣಿಯವರು ಊಟಕ್ಕೆ ಕೂತಿದ್ದಾಗ ಹೋಗಿ ಅವರ ಹೆಸರು ಕೇಳಿದೆ. "ಯಾಕಕ್ಕಾ, ಮದುವೆ ಮಾಡಿಸ್ತೀಯಾ?" ಎಂದು ನಕ್ಕರು. ಹೌದು ಎಂದೆ. ಕಿಟ್ ಹರ್ಕಸ್. ರೋರಿ ಡ್ರೆವರ್. ಆಲ್ಫಿ ಮೊವಾಟ್, ಇವನಿಗೆ ಮಗು ಹುಟ್ಟಿ ಇನ್ನೂ ಹೆಸರಿಟ್ಟಿಲ್ಲ.

ನೀನೂ ಬರೆದಿಟ್ಟುಕೋ. ಆಮೇಲೆ ಯಾರೂ ಬಂದು ಹೆಸರೇನು ಎಂದು ಕೇಳಬಾರದು.

ನಿನ್ನ
ಮೆರನ್